ಮಟಮಟ ಮಧ್ಯಾಹ್ನ ಮುಚ್ಚಿದ ಬಾಗಿಲುಗಳು

ಕೌಬಾಯ್ ಸಿನಿಮಾ ಅಂದ್ರೆ ನಮಗೆ ನೆನಪಾಗೋದು ಕುದುರೆ, ಧೂಳು, ಪಿಸ್ತೂಲು. ಅಲ್ಲಿ ರಾಜಕೀಯಕ್ಕೇನು ಕೆಲಸ ಅಂತೀರಾ? 1952ರ ‘ಹೈ ನೂನ್’ ಚಿತ್ರವನ್ನೇ ತಗೊಳ್ಳಿ.

ವಿಲ್ ಕೇನ್ ಒಂದು ಸಣ್ಣ ಊರಿನ ಮಾರ್ಷಲ್, ಅಂದರೆ ಕಾನೂನು ಕಾಯುವ ಅಧಿಕಾರಿ. ಆವತ್ತೇ ಮದುವೆಯಾಗಿದೆ, ಕೆಲಸ ಬಿಟ್ಟು ಹೊರಟಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತೆ: ಅವನು ಹಿಡಿದು ಜೈಲಿಗೆ ಕಳಿಸಿದ್ದ ಕೊಲೆಗಡುಕ ಬಿಡುಗಡೆಯಾಗಿ ಹನ್ನೆರಡು ಗಂಟೆ ರೈಲಿಗೆ ಬರ್ತಿದ್ದಾನೆ. ಕೇನ್ ಎಲ್ಲರ ಬಳಿ ಸಹಾಯ ಕೇಳುತ್ತಾನೆ. ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶನೇ ಗಂಟುಮೂಟೆ ಕಟ್ಟುತ್ತಾನೆ. ಸ್ನೇಹಿತನೊಬ್ಬ ಒಳಗೆ ಅಡಗಿ, ‘ಮನೇಲಿಲ್ಲ’ ಅಂತ ಹೆಂಡತಿ ಕೈಲಿ ಹೇಳಿಸುತ್ತಾನೆ. ಚರ್ಚ್‌ನಲ್ಲಿ ಮೇಯರ್ ಕೇನ್‌ನನ್ನು ಬಾಯ್ತುಂಬ ಹೊಗಳಿ, ಕೊನೆಗೆ ಹೇಳೋದೇನು? ಬೀದಿಯಲ್ಲಿ ಗುಂಡು ಹಾರಿದರೆ ಊರಿಗೆ ಬರಬೇಕಾದ ಬಂಡವಾಳ ಬರಲ್ಲ, ನೀನು ಹೊರಟುಹೋಗು!

ನೋಡಿ, ರೈಲಿನಲ್ಲಿ ಬರುವವನಿಗಿಂತ ನನ್ನನ್ನು ಹೆಚ್ಚು ಹೆದರಿಸೋದು ಈ ಸಭ್ಯರು.

ಇದನ್ನು ಬರೆದ ಕಾರ್ಲ್ ಫೋರ್ಮನ್ ಇದೇ ಅನುಭವಿಸುತ್ತಿದ್ದ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲ ಅದು. ಚಿತ್ರ ತಯಾರಾಗುತ್ತಿದ್ದ 1951ರಲ್ಲಿ ಸಂಸದೀಯ ಸಮಿತಿಯೊಂದು ಆತನನ್ನು ವಿಚಾರಣೆಗೆ ಕರೆಸಿತು. ಹಿಂದೆ ಪಕ್ಷದ ಸದಸ್ಯನಾಗಿದ್ದವನು. ಜೊತೆಗಿದ್ದವರ ಹೆಸರು ಹೇಳಲು ಒಪ್ಪಲಿಲ್ಲ. ಹಾಲಿವುಡ್ ಬಾಗಿಲು ಹಾಕಿತು, ಆತ ಇಂಗ್ಲೆಂಡ್ ಸೇರಿದ. ಕೇನ್ ಪಾತ್ರ ಮಾಡಿದ ಗ್ಯಾರಿ ಕೂಪರ್ ಬಲಪಂಥೀಯ. ಆದರೂ ಫೋರ್ಮನ್ ಪರ ನಿಂತ, ಅವನ ಹೊಸ ಕಂಪನಿಗೆ ಪಾಲುದಾರನಾಗಲು ಒಪ್ಪಿದ. ಒತ್ತಡ ಬಂತು, ಹಿಂದೆ ಸರಿದ. ತೆರೆಯ ಮೇಲೆ ಒಬ್ಬನೇ ನಿಂತವನಿಗೂ ಹೊರಗೆ ನಿಲ್ಲೋದು ಕಷ್ಟವಾಯ್ತು!

‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ಗೆ ಫೋರ್ಮನ್ ಬರೆದರೂ ಹೆಸರು ಹಾಕಲಿಲ್ಲ. ಚಿತ್ರಕಥೆಯ ಆಸ್ಕರ್ ಹೋಗಿದ್ದು ಮೂಲ ಕಾದಂಬರಿಕಾರನಿಗೆ. ಫೋರ್ಮನ್‌ಗೆ ಆ ಗೌರವ ಸಿಕ್ಕಿದ್ದು 1984ರಲ್ಲಿ ಆತ ತೀರಿಕೊಂಡ ಮೇಲೆ.

ಜಾನ್ ವೇನ್‌ಗೆ ‘ಹೈ ನೂನ್’ ಅಮೆರಿಕ ವಿರೋಧಿ ಚಿತ್ರವಾಗಿ ಕಂಡಿತು. ಉತ್ತರವಾಗಿ 1959ರಲ್ಲಿ ಹೊವಾರ್ಡ್ ಹಾಕ್ಸ್ ಜೊತೆ ‘ರಿಯೊ ಬ್ರಾವೊ’ ಮಾಡಿದ. ಅಲ್ಲಿಯ ಶೆರಿಫ್ ಊರವರ ನೆರವನ್ನು ಬೇಡುವುದೇ ಇಲ್ಲ.

ಆದರೆ ಮಜಾ ಏನು ಗೊತ್ತಾ? ಕಮ್ಯುನಿಸ್ಟ್ ಆಳ್ವಿಕೆಯ ಪೋಲೆಂಡ್‌ನಲ್ಲಿ 1989ರ ಜೂನ್ 4ರ ಚುನಾವಣೆಗೆ ವಿರೋಧ ಪಕ್ಷದಲ್ಲಿದ್ದ ಸಾಲಿಡಾರಿಟಿಯ ಪೋಸ್ಟರ್ ಮೇಲೆ ಇದೇ ಕೂಪರ್ ಬಂದ. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ! ಎಡಪಂಥೀಯ ಬರೆದ ಕಥೆ ಕಮ್ಯುನಿಸ್ಟ್ ಸರ್ಕಾರದ ವಿರುದ್ಧವೇ ನಿಂತಿತು. ಯಾಕಂದ್ರೆ ಜನರನ್ನು ಹೆದರಿಸಿ ಬಾಯಿ ಮುಚ್ಚಿಸೋ ಕೆಲಸಕ್ಕೆ ಎಡ, ಬಲ ಅಂತ ಭೇದವಿಲ್ಲ.

ಸಿನಿಮಾದ ಕೊನೆಗೆ ಕೇನ್ ಗೆಲ್ಲುತ್ತಾನೆ. ಆಗ ಊರೆಲ್ಲ ಓಡಿ ಬರುತ್ತೆ. ಅವನು ಮಾತಾಡಲ್ಲ. ಎದೆಯ ಮೇಲಿನ ಬ್ಯಾಡ್ಜ್ ಕಿತ್ತು ಧೂಳಿಗೆ ಎಸೆದು ಹೋಗುತ್ತಾನೆ. ನಾವು ಆ ಗುಂಪಿನಲ್ಲಿ ಎಲ್ಲಿದ್ದೀವಿ? ಯೋಚನೆ ಮಾಡಿ.