ತಲೆನೋವಿಗೆ ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಬೇಕಾ?

 

ಕಳೆದ ವಾರ ಕೇಳುಗರೊಬ್ಬರು ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ರು. ಸ್ವಲ್ಪ ರಕ್ತ ಕೊಟ್ರೆ ಸಾಕು, ಅದರಲ್ಲಿನ ಮೈಕ್ರೋಆರ್‌ಎನ್‌ಎ ನೋಡಿ ಬ್ರೈನ್ ಟ್ಯೂಮರ್ ಇದೆಯೋ ಇಲ್ವೋ ಹೇಳಿಬಿಡ್ತಾರಂತೆ. ಕೆಳಗೆ ಅವರ ಪ್ರಶ್ನೆ: "ಅಪ್ಪಂಗೆ ಎರಡು ತಿಂಗಳಿಂದ ತಲೆನೋವು. ಇದನ್ನ ಮಾಡಿಸಲಾ?" ನಾನು ಓದಿರೋದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೂ ಪ್ರಶ್ನೆ ಬಿಡಲಿಲ್ಲ, ಕೂತು ಓದಿದೆ.

ಡಿಎನ್‌ಎಯಿಂದ ಆರ್‌ಎನ್‌ಎ ಅನ್ನೋ ನಕಲು ಪ್ರತಿ ಬರುತ್ತೆ, ಆ ಪ್ರತಿ ನೋಡಿ ಜೀವಕೋಶ ಪ್ರೋಟೀನ್ ತಯಾರಿಸುತ್ತೆ. ಮೈಕ್ರೋಆರ್‌ಎನ್‌ಎ ಅಂದ್ರೆ ಸುಮಾರು 22 ಅಕ್ಷರಗಳ ಪುಟ್ಟ ತುಣುಕು. ಅದು ಆ ಪ್ರತಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನೇ ತಡೆಯುತ್ತೆ. 1993ರಲ್ಲಿ ಇದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಸಿಕ್ಕಿತ್ತು. ಆ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಕ್ಯಾನ್ಸರ್ ಆದಾಗ ಈ ತುಣುಕುಗಳ ಪ್ರಮಾಣ ಏರುಪೇರಾಗುತ್ತೆ. ಗ್ಲಿಯೊಬ್ಲಾಸ್ಟೊಮಾ ಅಂತ ಒಂದು ಮೆದುಳಿನ ಗಡ್ಡೆ ಇದೆ, ತುಂಬಾ ಕ್ರೂರ. ಆಪರೇಷನ್, ರೇಡಿಯೇಷನ್, ಕೀಮೊ ಎಲ್ಲ ಮಾಡಿದ್ರೂ ಅರ್ಧದಷ್ಟು ರೋಗಿಗಳು ಸುಮಾರು 15 ತಿಂಗಳು ದಾಟಲ್ಲ. ಇದರಲ್ಲಿ ಮಿರ್-21 ಅನ್ನೋ ಮೈಕ್ರೋಆರ್‌ಎನ್‌ಎ ಜಾಸ್ತಿ ಇರುತ್ತೆ ಅಂತ 2005ರಲ್ಲೇ ಗೊತ್ತಾಯ್ತು. 2008ರಲ್ಲಿ ಇನ್ನೊಂದು ವಿಷಯ ಹೊರಬಂತು: ಗಡ್ಡೆಯ ಕೋಶಗಳು ಸಣ್ಣ ಸಣ್ಣ ಚೀಲಗಳಲ್ಲಿ ಆರ್‌ಎನ್‌ಎ ತುಂಬಿ ಹೊರಗೆ ಬಿಡ್ತವೆ, ಅವು ರಕ್ತದಲ್ಲೂ ಸಿಗ್ತವೆ. ಮೆದುಳಿನ ಚೂರು ಬೇಕಂದ್ರೆ ತಲೆಬುರುಡೆಗೇ ತೂತು ಕೊರೀಬೇಕು. ಅದಕ್ಕೇ ರಕ್ತದ ಮೇಲೆ ಇಷ್ಟು ಆಸೆ.

ನಿಜವಾಗಿ ಬೇಕಾಗಿರೋದು ಎಲ್ಲಿ ಗೊತ್ತಾ? ಚಿಕಿತ್ಸೆ ಆದ ಮೇಲೆ. ರೇಡಿಯೇಷನ್ ಮುಗಿಸಿ ಕೆಲವು ವಾರಕ್ಕೆ ಎಂಆರ್‌ಐ ಮಾಡಿಸಿದ್ರೆ ಗಡ್ಡೆ ಬೆಳೆದ ಹಾಗೆ ಕಾಣಬಹುದು. ಅದು ನಿಜಕ್ಕೂ ಬೆಳೆದಿದ್ದಾ, ಇಲ್ಲಾ ರೇಡಿಯೇಷನ್‌ನಿಂದ ಆದ ಊತವಾ? ಎಷ್ಟೋ ಸಲ ಡಾಕ್ಟರಿಗೂ ಆ ಚಿತ್ರ ನೋಡಿ ಹೇಳೋಕಾಗಲ್ಲ. ಔಷಧಿ ಬದಲಿಸಬೇಕಾ, ಮತ್ತೆ ಆಪರೇಷನ್ನಾ, ಅಥವಾ ಎರಡು ತಿಂಗಳು ಕಾಯಬೇಕಾ? 15 ತಿಂಗಳ ಲೆಕ್ಕದಲ್ಲಿ ಎರಡು ತಿಂಗಳು ಅಂದ್ರೆ ಎಷ್ಟು ಅಂತ ಯೋಚ್ನೆ ಮಾಡಿ. ಇಲ್ಲಿ ಒಂದು ರಕ್ತದ ಟೆಸ್ಟ್ ಉತ್ತರ ಕೊಟ್ರೆ ಅದು ದೊಡ್ಡದು. ಆದ್ರೆ ಆಸ್ಪತ್ರೆಗಳಲ್ಲಿ ದಿನನಿತ್ಯ ನಂಬಿ ಬಳಸೋ ಅಂಥ ಟೆಸ್ಟ್ ಇನ್ನೂ ಇಲ್ಲ.

ನಮ್ಮ ಬೆಂಗಳೂರಲ್ಲೂ ಕೆಲಸ ಆಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡ 2011ರಲ್ಲಿ 222 ರೋಗಿಗಳ ಅಮೆರಿಕನ್ ಡೇಟಾ ನೋಡಿ, 10 ಮೈಕ್ರೋಆರ್‌ಎನ್‌ಎಗಳ ಒಂದು ಪಟ್ಟಿ ಕೊಡ್ತು. ಯಾರಿಗೆ ಅಪಾಯ ಹೆಚ್ಚು, ಯಾರು ಸ್ವಲ್ಪ ಜಾಸ್ತಿ ದಿನ ಬದುಕಬಹುದು ಅನ್ನೋದರ ಅಂದಾಜು ಅದರಿಂದ ಸಿಗುತ್ತೆ. ಆದ್ರೆ ಗಮನಿಸಿ, ಅದು ಗಡ್ಡೆಯ ಚೂರಿನಿಂದ ಬಂದ ಡೇಟಾ, ರಕ್ತದ್ದಲ್ಲ. ಫಾರ್ವರ್ಡ್ ಮಾಡೋರು ಈ ಎರಡನ್ನೂ ಒಂದೇ ಮಾಡಿಬಿಡ್ತಾರೆ.

ರಕ್ತದಲ್ಲಿ ತಾಪತ್ರಯ ಏನಂದ್ರೆ, ಮಿರ್-21 ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರಲ್ಲೂ ಏರುತ್ತೆ. ಬರೀ ಉರಿಯೂತ ಇದ್ರೂ ಏರಬಹುದು. ಸ್ಯಾಂಪಲ್ ಟ್ಯೂಬಲ್ಲಿ ಕೆಂಪು ರಕ್ತಕಣ ಒಡೆದ್ರೆ ಅದರೊಳಗಿನ ಮೈಕ್ರೋಆರ್‌ಎನ್‌ಎ ಸೋರಿ ಲೆಕ್ಕ ಕೆಡುತ್ತೆ.

ಲೆಕ್ಕ ಅಂದ್ರೆ ನನ್ನ ಏರಿಯಾ. ಸುಮ್ನೆ ಒಂದು ಉದಾಹರಣೆ: 1 ಲಕ್ಷ ಜನರಲ್ಲಿ 10 ಜನಕ್ಕೆ ಗಡ್ಡೆ ಇದೆ ಅಂದ್ಕೊಳ್ಳಿ. ಟೆಸ್ಟ್ 100ಕ್ಕೆ 99 ಸಲ ಸರಿ. ಆ 10 ಜನ ಸಿಕ್ಕಿಬೀಳ್ತಾರೆ, ಸರಿ. ಆದ್ರೆ ಏನೂ ಇಲ್ಲದ ಸುಮಾರು 1,000 ಜನಕ್ಕೂ "ಪಾಸಿಟಿವ್" ಬರುತ್ತೆ! ಅಷ್ಟು ಮನೆಗಳಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಇರಲ್ಲ.

ಅವರಿಗೆ ನಾನು ಬರೆದಿದ್ದು ಇಷ್ಟೇ: ಈ ಟೆಸ್ಟಿಗೆ ದುಡ್ಡು ಹಾಕಬೇಡಿ, ಅಪ್ಪನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಸ್ಕ್ಯಾನ್ ಬೇಕಾ ಬೇಡ್ವಾ ಅಂತ ಅವರು ನೋಡಿ ಹೇಳ್ತಾರೆ. ಬೆಳಗ್ಗೆ ಎದ್ದಾಗ ನೋವು ಜಾಸ್ತಿ, ವಾಂತಿ, ಹೊಸದಾಗಿ ಫಿಟ್ಸ್, ಒಂದು ಕಡೆ ಕೈಕಾಲು ಸೋಲೋದು, ಮಾತು ತೊದಲೋದು, ಇವುಗಳಲ್ಲಿ ಒಂದಿದ್ರೂ ನಾಳೆ ಅನ್ಬೇಡಿ.

ನಿನ್ನೆ ರಿಪ್ಲೈ ಬಂತು. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆಯಂತೆ.