ಗಾಳ ಹೇಳಿದ ಲೆಕ್ಕ

ಫಾಲ್ಗುಣ ಕಳೆದು ವಸಂತ ಕಾಲಿಡುವ ಹೊತ್ತಿಗೆ ಕಾವೇರಿ ತಿಳಿಯಾಗುತ್ತಾಳೆ. ಹರಿವು ಇಳಿದು ಬಂಡೆಗಳು ತಲೆಯೆತ್ತುತ್ತವೆ. ದೊಡ್ಡ ಮೀನುಗಳು ಮಡುಗಳನ್ನು ಸೇರುತ್ತವೆ. ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಮಹಶೀರ್ ಮೀನಿಗಾಗಿ ಕಾಯುವವರಿಗೆ ಒಂದು ಕಾಲದಲ್ಲಿ ಇದೇ ಸುಗ್ಗಿ.

ಆದರೆ ನದಿಯೊಳಗಿನ ಮೀನನ್ನು ಎಣಿಸುವುದು ಹೇಗೆ? ಬಂಡೆ, ಸುಳಿಗಳ ನಡುವೆ ಬಲೆ ಬೀಸುವುದು ಸುಲಭವಲ್ಲ. ಆ ಕೆಲಸವನ್ನು ಗಾಳವೇ ಮಾಡಿತೆಂಬುದು ನನಗೆ ಸೋಜಿಗದ ಸಂಗತಿ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹವ್ಯಾಸಿಗಳು ಹಿಡಿದು ಮರಳಿ ನೀರಿಗೆ ಬಿಟ್ಟ ಮಹಶೀರ್‌ಗಳು 6161. ಎಷ್ಟು ಗಂಟೆ ಕಾದರೆಂಬುದೂ ದಾಖಲಾಗಿದ್ದರಿಂದ ಒಂದು ವರ್ಷವನ್ನು ಇನ್ನೊಂದರೊಡನೆ ತೂಗಿ ನೋಡುವುದು ಸಾಧ್ಯವಾಯಿತು.

2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ದಾಖಲೆಯನ್ನು ಓದಿತು. ಮೀನಿನ ಸಂಖ್ಯೆ ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಬಹುತೇಕ ಮಾಯವಾಗಿತ್ತು. ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು ಗುರುತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು.

2012ರ ಬಳಿಕ ಅಲ್ಲಿ ಗಾಳ ನಿಂತಿತು. ಅದರೊಡನೆ ಆ ಲೆಕ್ಕದ ಪುಸ್ತಕವೂ ಮುಚ್ಚಿತು. ದಡದಲ್ಲಿ ನಿಂತವರ ಕಣ್ಣಿಗೆ ನದಿ ಎಂದಿನಂತೆಯೇ ಕಾಣುತ್ತದೆ. ಎಣಿಸುವವರೇ ಇಲ್ಲದ ನೀರಿನಲ್ಲಿ ಕೊನೆಯ ಮೀನು ಯಾವುದೆಂದು ಹೇಳುವವರು ಯಾರು?