ಪ್ಲಗ್ ಬದಲಿಸೋದು ಯಾವಾಗ, ಹೆಂಗ?

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗೋರು ಸಸ್ತಾಪುರ ಬಂಗ್ಲಾ ಹತ್ರ ರಾಷ್ಟ್ರೀಯ ಹೆದ್ದಾರಿ 65 ಹಿಡೀತೀರಿ. ಮುಂದ ಹೈದರಾಬಾದ್ ಕಡೆ ಹೊಂಟ ಲಾರಿ. ಓವರ್‌ಟೇಕ್ ಮಾಡೋಣಂತ ಆಕ್ಸಲರೇಟರ್ ಒತ್ತಿದ್ರ ಕಾರು ಝಟಕಾ ಹೊಡೀತದ, ಮುಂದಕ್ಕ ಜಗ್ಗಂಗಿಲ್ಲ. ಎದುರಿಗೆ ಗಾಡಿ ಬಂದಿದ್ರ? ಪೆಟ್ರೋಲ್ ಕಲಬೆರಕೆ ಅಂತ ಬಂಕಿನವರನ್ನ ಬೈಯೋದಕ್ಕಿಂತ ಮೊದಲು ಸ್ಪಾರ್ಕ್ ಪ್ಲಗ್ ನೋಡ್ರಿ.

ಪ್ರತಿ ಕಿಡಿಗೂ ಪ್ಲಗ್ಗಿನ ತುದಿ ಚೂರುಚೂರೇ ಸವೀತದ, ಗ್ಯಾಪ್ ಹಿಗ್ಗತದ. ನಿಧಾನಕ್ಕ ಹೋಗುವಾಗ ಗೊತ್ತೇ ಆಗಲ್ಲ. ಜೋರಾಗಿ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚಾಗಿ, ಆ ಹಿಗ್ಗಿದ ಗ್ಯಾಪ್ ದಾಟಲು ಕಿಡಿಗೆ ಶಕ್ತಿ ಸಾಲಲ್ಲ. ಅದಕ್ಕೇ ಇಂಜಿನ್ ಮಿಸ್ಸಿಂಗ್ ಹೊಡೆಯೋದು. ಬೆಳಗ್ಗೆ ಸ್ಟಾರ್ಟ್ ಆಗಲು ತಡ, ನಿಂತಲ್ಲೇ ನಡುಕ, ಮೈಲೇಜ್ ಇಳಿಯೋದು ಕೂಡ ಇದೇ ಕಾರಣಕ್ಕೆ ಇರಬಹುದು. ಚೆಕ್ ಇಂಜಿನ್ ಲೈಟ್ ಮಿಣಮಿಣ ಅಂತಿದ್ರ ಮುಂದ ಓಡಿಸಬ್ಯಾಡ್ರಿ. ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಸ್ತದ. ನೂರಾರು ರೂಪಾಯಿ ಉಳಿಸಲು ಹೋಗಿ ಸಾವಿರಾರು ಕಳ್ಕೊಂಡಂಗ.

ಸಾಮಾನ್ಯ ನಿಕ್ಕಲ್ ಪ್ಲಗ್ 30ರಿಂದ 40 ಸಾವಿರ ಕಿ.ಮೀ. ಬಾಳ್ತದ. ಇರಿಡಿಯಂ 80 ಸಾವಿರದಿಂದ 1 ಲಕ್ಷದವರೆಗೆ. ನಿಮ್ಮ ಕಾರಿನ ಮ್ಯಾನ್ಯುವಲ್ ಹೇಳಿದ್ದೇ ಕಡೀ ಮಾತು. ಸಿಎನ್‌ಜಿ ಇದ್ರ ಇನ್ನೂ ಬೇಗ ಬದಲಿಸಬೇಕಾಗಬಹುದು. ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇರಲ್ಲ, ಆ ಗೆಳೆಯರು ಚಹಾ ಕುಡೀರಿ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಮಾತ್ರ ಮೀಟರ್ ನಂಬಬ್ಯಾಡ್ರಿ, ಒಂದು ಪ್ಲಗ್ ಬಿಚ್ಚಿಸಿ ಕಣ್ಣಾರೆ ನೋಡ್ರಿ.

ನೀವೇ ಬದಲಿಸ್ತೀರಾ? ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದಾಗ ಬಿಚ್ಚಿದ್ರ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು. ಕಾಯಿಲ್ ತೆಗೆದ ಮ್ಯಾಲ, ಪ್ಲಗ್ ಸಡಿಲಿಸೋಕೆ ಮೊದಲು, ಆ ಕುಳಿಯೊಳಗಿನ ಧೂಳನ್ನ ಗಾಳಿ ಹೊಡೆದು ತೆಗೀರಿ. ನಮ್ಮ ಕಡೆ ಕೆಂಪು ಧೂಳು ಗೊತ್ತಲ್ಲ, ಅದು ಸಿಲಿಂಡರಿಗೆ ಬೀಳಬಾರದು. ಒಂದೊಂದೇ ಸಿಲಿಂಡರ್ ಮುಗಿಸ್ಕೊಂಡು ಹೋದ್ರ ವೈರು ಅದಲುಬದಲು ಆಗಲ್ಲ.

ಹೊಸ ಪ್ಲಗ್ಗನ್ನ ಮೊದಲು ಬರೀ ಕೈಯಿಂದ ತಿರುಗಿಸಿ ಕೂಡಿಸ್ರಿ. ಬಿಗಿ ಅನಿಸಿದ್ರ ಒತ್ತಾಯ ಬ್ಯಾಡ, ಹೊರಗ ತೆಗೆದು ಮತ್ತ ಹಾಕ್ರಿ. ಆಮೇಲೆ ಟಾರ್ಕ್ ಪಾನಾದಿಂದ ಮ್ಯಾನ್ಯುವಲ್‌ನಾಗ ಬರೆದಷ್ಟೇ ಬಿಗಿ ಮಾಡ್ರಿ. ‘ಇನ್ನೊಂದು ಸುತ್ತು ಇರಲಿ’ ಅನ್ನೋ ಚಟದಿಂದಲೇ ಥ್ರೆಡ್ ಹಾಳಾಗೋದು. ಇರಿಡಿಯಂ ಪ್ಲಗ್ಗಿನ ತುದಿ ಸೂಜಿಯಷ್ಟು ಸಣ್ಣ, ಅದನ್ನ ಉಜ್ಜೋದು, ಬಾಗಿಸೋದು ಮಾಡಬ್ಯಾಡ್ರಿ.

ಹಳೇ ಪ್ಲಗ್ ಎಸೀಬ್ಯಾಡ್ರಿ, ತುದಿ ನೋಡ್ರಿ. ತಿಳಿ ಕಂದು ಬಣ್ಣ ಇದ್ರ ಇಂಜಿನ್ ಆರೋಗ್ಯವಾಗೇದ. ಒಣ ಕರಿ ಮಸಿ ಇದ್ರ ಏರ್ ಫಿಲ್ಟರ್ ಕಟ್ಟಿರಬಹುದು. ಎಣ್ಣೆ ಹತ್ತಿದ್ರ ಹೊಸ ಪ್ಲಗ್ಗಿನಿಂದ ಕೆಲಸ ಮುಗಿಯಲ್ಲ, ಮೆಕ್ಯಾನಿಕ್ ಹತ್ರ ಅದೇ ಪ್ಲಗ್ ಒಯ್ದು ತೋರಿಸ್ರಿ.